ಹೆಸರು ಕೇಳಬಾರದ ಮದ್ದು

ಹೊನ್ನಿ ಮದ್ದಿನ ಉಂಡೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತಿದ್ದಳು. ಎರಡೂ ಕಣ್ಣು ಮಂಜಾದ ಮೇಲೆ ಅವಳು ಲೋಕವನ್ನು ಮೂಗಿನಿಂದಲೇ ನೋಡುತ್ತಿದ್ದಳು. ಹಾಲು ಉಕ್ಕುವ ಮೊದಲೇ ಅವಳಿಗೆ ಗೊತ್ತು, ಮಳೆ ಬರುವ ಮೊದಲೇ ಗೊತ್ತು, ಬುಟ್ಟಿಯಲ್ಲಿ ಬಂದ ಮೀನು ಇವತ್ತಿನದೋ ನಿನ್ನೆಯದೋ ಅದೂ ಗೊತ್ತು.

“ವೀಣಾ, ಇದ್ರ ವಾಸ್ನೆ ಎಲ್ಲಿ ಹೋಯ್ತೇ?”

ಜೇನಿನ ಕರಟ ತೊಳೆಯುತ್ತಿದ್ದ ಸೊಸೆಯ ಕೈ ನಿಂತಿತು. “ಜೇನು ಜಾಸ್ತಿ ಬಿದ್ದದೆ ಕಾಣ್ತದೆ ಅತ್ತೆ.”

“ಜೇನಿನ ವಾಸ್ನೆ ನಂಗೆ ತಿಳೂದಿಲ್ವಾ? ಸೊಪ್ಪಿನ ಸೊಗಡೇ ಇಲ್ಲ. ಅಂಗಡಿ ವಾಸ್ನೆ ಬತ್ತದೆ.”

“ನಿಮ್ಗೆ ಥಂಡಿ ಆಗದೆ. ನಿನ್ನೆಯಿಂದ ಮೂಗು ಗೊರಗೊರ ಅಂತದೆ. ಅಂಥ ಮೂಗಿಗೆ ಯಾವ ವಾಸ್ನೆ ಬರ್ಬೇಕು?”

ಹೊನ್ನಿ ಉಂಡೆಯನ್ನು ಬಾಳೆಲೆಯ ಚೂರಿನ ಮೇಲಿಟ್ಟು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಏನೋ ಹೊಲಸು ಮುಟ್ಟಿದವರು ಒರೆಸಿಕೊಳ್ಳುವ ಹಾಗೆ ಒರೆಸಿಕೊಂಡದ್ದು ವೀಣಾಳಿಗೆ ಹಿಡಿಸಲಿಲ್ಲ.

ಹೊರಗೆ ಅಂಗಳದಲ್ಲಿ ಮಂದಿ ಸೇರಿದ್ದರು. ಭಾನುವಾರ ಹೊತ್ತು ಮೂಡುವ ಮೊದಲು ಹಟ್ಟಿಕೇರಿಯ ಈ ಮನೆಗೆ ಬಂದು, ಬರಿ ಹೊಟ್ಟೆಯಲ್ಲಿ ಮದ್ದು ತೆಗೆದುಕೊಂಡರೆ ಮರೆವು ಹೋಗುತ್ತದೆ, ಬುದ್ಧಿ ಚುರುಕಾಗುತ್ತದೆ ಎಂಬ ನಂಬಿಕೆ ಹೊನ್ನಿಯ ಅತ್ತೆಯ ಕಾಲದಿಂದಲೂ ಇತ್ತು. ಅಂಕೋಲೆಯಿಂದ, ಕಾರವಾರದಿಂದ, ಘಟ್ಟದ ಕೆಳಗಿನ ರಾಮನಗುಳಿಯಿಂದಲೂ ಬರುತ್ತಿದ್ದರು. ಬಂದವರು ಒಂದು ತೆಂಗಿನಕಾಯಿ ಜಗಲಿಯ ಮೇಲಿಟ್ಟು ಅಂಗೈ ಚಾಚಬೇಕು. ಸೊಪ್ಪು ಯಾವುದೆಂದು ಅವರು ಕೇಳಬಾರದು. ನೀವು ಯಾರೆಂದು ಮನೆಯವರು ಕೇಳಬಾರದು. ಮದ್ದು ತಿಂದದ್ದನ್ನು ಡಾಕ್ಟರಿಗಿರಲಿ, ಮನೆಯ ದೇವರಿಗೂ ಹೇಳಬಾರದು. ಹೇಳಿದರೆ ಮದ್ದು ಸತ್ತುಹೋಗುತ್ತದೆ ಎನ್ನುವುದು ಹೊನ್ನಿಯ ಮಾತು.

ಸಾಲಿನಲ್ಲಿ ಯಾವಾಗಲೂ ಮೊದಲಿಗನಾಗಿ ನಿಲ್ಲುತ್ತಿದ್ದ ಮುದುಕನೊಬ್ಬ ಮಾತ್ರ ಈ ಕಟ್ಟಳೆಯನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

“ನಾ ಬೀರು. ರಾಮನಗುಳಿ ಬೀರು. ನನ್ ಹೆಸ್ರು ನಾನೇ ಮರ್ತ್‌ಹೋಗ್ತೆ, ಅದ್ಕೇ ಬಂದಲ್ಲಿ ಹೋದಲ್ಲಿ ಹೇಳ್ತಾ ಇರ್ತೆ. ಇಲ್ಲೇ ಕಳ್ದ್‌ಹೋದ್ರೆ ಯಾರಾರೂ ಬಸ್ಸಿಗೆ ಹತ್ತಿಸ್ಬೇಕಲ್ಲ?”

ಸಾಲಿನವರು ನಕ್ಕರು. ವೀಣಾಳೂ ನಕ್ಕಳು. ಬೀರುವಿಗೆ ಹಿಂದಿನ ವರ್ಷ ಅರ್ಧ ಮೈಗೆ ಲಕ್ವಾದ ಗಾಳಿ ಬಡಿದಿತ್ತು. ಅಂಗಿಯ ಜೇಬಿನಿಂದ ಇಂಗ್ಲಿಷ್ ಗುಳಿಗೆಯ ಚೀಟಿ ಇಣುಕುತ್ತಿತ್ತು. ಅದನ್ನು ವೀಣಾ ಪ್ರತಿ ವಾರ ನೋಡುತ್ತಿದ್ದಳು. ನೋಡಿ, ಅಂಗೈಗೆ ಉಂಡೆ ಹಾಕುತ್ತಿದ್ದಳು.

“ನಿನ್ ಕೈಗುಣವೇ ಗುಣ ತಂಗಿ,” ಅಂದ ಬೀರು. “ನಿನ್ ಅತ್ತೆ ಕೊಡ್ತಿದ್ದಾಗೂ ಇಷ್ಟು ಹತ್ತಿರ್ಲಿಲ್ಲ. ಈಗ ತಲೆ ಒಳ್ಗೆ ದೀಪ ಹಚ್ಚಿದ್ ಹಾಂಗೆ ಆಗ್ತದೆ.”

ಕೈಗುಣ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ವೀಣಾಳ ಎದೆಯೊಳಗೆ ಏನೋ ಬೆಚ್ಚಗೆ ಹರಿಯುತ್ತಿತ್ತು. ಮದುವೆಯಾಗಿ ಬಂದಂದಿನಿಂದ ಅವಳು ಈ ಮದ್ದಿಗೆ ಬರೀ ಕಾಲಾಗಿದ್ದಳು. ಒದ್ದೆ ಬಟ್ಟೆಯಲ್ಲಿ ಗುಡ್ಡ ಹತ್ತಿ, ಹಿಂದಿರುಗಿ ನೋಡದೆ ಸೊಪ್ಪು ಕಿತ್ತು ತರುವವಳು ಅವಳು, ಅರೆಯುವವಳೂ ಅವಳೇ. ಕೊಡುವ ಕೈ ಮಾತ್ರ ಅತ್ತೆಯದು, ಹೆಸರೂ ಅತ್ತೆಯದು. ಮಕ್ಕಳಾಗದ ಸೊಸೆಯ ಕೈಯಿಂದ ಮದ್ದು ಕೊಡಿಸುವುದು ಹೇಗೆ ಎಂದು ಕೇರಿಯ ಹೆಂಗಸರು ಹಿಂದೆ ಪಿಸುಗುಟ್ಟಿದ್ದು ಅವಳಿಗೆ ಗೊತ್ತಿತ್ತು. ಹೊನ್ನಿಯ ಕಣ್ಣು ಹೋಗಿ ಬೇರೆ ದಾರಿಯಿಲ್ಲದೆ ಉಂಡೆ ಇವಳ ಕೈಗೆ ಬಂದಾಗಲೇ, ಹಾಳಾದ್ದು, ಸೊಪ್ಪು ಮುಗಿದಿತ್ತು.

ಹೆದ್ದಾರಿ ಅಗಲ ಮಾಡುವಾಗ ಗುಡ್ಡದ ಆ ಮಗ್ಗುಲನ್ನೇ ಕಡಿದಿದ್ದರು. ಬಂಡೆಯ ಸಂದಿಗೆ ಹಬ್ಬಿದ್ದ ಬಳ್ಳಿ ಬೇರು ಸಮೇತ ಹೋಗಿತ್ತು. ವೀಣಾ ಬೇರೆ ಗುಡ್ಡ ಹುಡುಕಿದಳು, ತವರಿನ ಕಡೆಯ ಹಳ್ಳದ ದಂಡೆಯಲ್ಲೂ ಹುಡುಕಿದಳು. ಅತ್ತೆಗೆ ಹೇಳೋಣವೆಂದರೆ ಬಾಯಿ ಬರಲಿಲ್ಲ. ಆಗಲೇ ಅವಳ ಗಂಡ ಉಮೇಶನ ಚಿಕ್ಕಪ್ಪನ ಮಗಳು ದೀಪಾಲಿ ಕಾರವಾರದಿಂದ ಬಂದದ್ದು. ಕೈಯಲ್ಲಿ ಒಂದು ಬಾಟಲಿ. ಅದರ ಮೇಲೆ ಬೀಸಣಿಗೆಯಂಥ ಎಲೆಯ ಚಿತ್ರ.

“ಮೆಮೊರಿ ಕ್ಯಾಪ್ಸೂಲ್ ವೈನಿ. ನಿಮ್ಮನೆ ಮದ್ದಿನ ಹಾಂಗೇ. ಪೂರಾ ಎಲೆ, ಕೆಮಿಕಲ್ ಅಂತ ಒಂದ್ ಚೂರೂ ಇಲ್ಲ. ಸೈಡ್ ಎಫೆಕ್ಟೇ ಇಲ್ಲ ಅಂತಾರೆ.”

ಎಲೆ ಎಂದರೆ ಎಲೆಯೇ ಅಲ್ಲವೆ ಅಂದುಕೊಂಡಳು ವೀಣಾ. ಕ್ಯಾಪ್ಸೂಲು ಬಿಡಿಸಿ, ಒಳಗಿನ ಕಂದು ಪುಡಿಯನ್ನು ಗದ್ದೆಯ ಅಂಚಿನ ಒಂದೆಲಗದ ಜೊತೆ ಅರೆದು, ಜೇನು ಬೆರೆಸಿ ಉಂಡೆ ಕಟ್ಟಿದಳು. ಬಣ್ಣ ಹಸಿರಾಗಿಯೇ ಬಂತು. ಜಗಲಿಯಲ್ಲಿ ಬಿದ್ದ ತೆಂಗಿನಕಾಯಿಗಳು ಚೀಲ ತುಂಬಿ ದೀಪಾಲಿಯ ಮನೆಗೆ ಹೋಗುತ್ತಿದ್ದವು, ಅಲ್ಲಿಂದ ಬಾಟಲಿಗಳು ಬರುತ್ತಿದ್ದವು. ವೀಣಾ ಅವನ್ನು ಕೇರಿಯವರಿಗೆ ಮಾರುತ್ತಾಳೆ ಅಂದುಕೊಂಡಿದ್ದಳು ದೀಪಾಲಿ. ಉಮೇಶ ಬಿಣಗಾದ ಫ್ಯಾಕ್ಟರಿಯಲ್ಲಿ ಕಂತ್ರಾಟಿನ ಕೆಲಸದವನು, ವಾರದ ಮಧ್ಯೆ ಅಲ್ಲಿನ ಚಾಳಿನಲ್ಲೇ ಇರುವವನು. ಅವನಿಗೆ ಏನೂ ಗೊತ್ತಿರಲಿಲ್ಲ. ಮಂದಿ ಮಾತ್ರ ಹೆಚ್ಚಾದರು.

ಆ ಭಾನುವಾರ ಎಲ್ಲರೂ ಹೋದ ಮೇಲೆ ಅಂಗಳದಲ್ಲಿ ಒಬ್ಬಳು ಉಳಿದಿದ್ದಳು. ವೀಣಾಳ ತಂಗಿ ಸುನೀತಾ. ಕಾರವಾರದ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ.

“ಎಂತದೇ, ತೆಂಗಿನಕಾಯಿ ತಂದಿದ್ಯಾ? ತಂಗಿ ಅಂತ ಬಂದ್ಯಾ, ಗಿರಾಕಿ ಅಂತ ಬಂದ್ಯಾ?”

“ಗಿರಾಕಿನೇ. ನಂಗೂ ಮದ್ದು ಕೊಡೇ ಅಕ್ಕ,” ಅಂದಳು ಸುನೀತಾ. ನಗುತ್ತಲೇ ಅಂದರೂ ನಗು ಕಣ್ಣಿಗೆ ಏರಲಿಲ್ಲ. “ಆಪರೇಶನ್ ಆದ್ಮೇಲೆ ತಲೆ ಜಾಳುಜಾಳು ಆಗದೆ. ಹತ್ತನೇ ಕ್ಲಾಸಿನ ಒಂದ್ ಹುಡ್ಗಿ ಅಪ್ಪನ ಹೆಸ್ರು ತಪ್ಪು ಹೊಡ್ದೆ. ಹೆಡ್ಮಾಸ್ತರು ಎಲ್ಲರೆದ್ರು ಅಂದ್ರು, ‘ಬಾಯೋರೆ, ಮನೇಲಿ ಕೂತ್ಕಂಡು ಮೊಮ್ಮಕ್ಳ ಆಡಿಸಿ’ ಅಂತ. ನಂಗೆ ಮೊಮ್ಮಕ್ಳು ಎಲ್ಲಿಂದ ಬಂದ್ರೇ?”

ಕೆಲವು ವರ್ಷಗಳ ಹಿಂದೆ ಸುನೀತಾಳ ಹೃದಯದ ಕವಾಟ ಬದಲಿಸಿದ್ದರು. ಮೌನದಲ್ಲಿ ಹತ್ತಿರ ಕೂತರೆ ಅದರ ಟಿಕ್ ಟಿಕ್ ಕೇಳಿಸುತ್ತಿತ್ತು. ರಕ್ತ ಗಡ್ಡೆ ಕಟ್ಟದ ಹಾಗೆ ಅವಳು ಪ್ರತಿ ಸಂಜೆ ಒಂದು ಗುಳಿಗೆ ನುಂಗಬೇಕು. ಸೊಪ್ಪು ಜಾಸ್ತಿ ತಿಂದರೆ ಆ ಗುಳಿಗೆ ಕೆಲಸ ಮಾಡುವುದಿಲ್ಲ, ಅದಕ್ಕೆ ಸೊಪ್ಪು ಕಡಿಮೆ ಎಂದು ಡಾಕ್ಟರು ಹೇಳಿದ್ದು ವೀಣಾಳಿಗೂ ಗೊತ್ತಿತ್ತು. ಅವಳು ಯೋಚಿಸಿಯೇ ಮಾಡಿದಳು. ಸೊಪ್ಪು ತಾನೆ ಬೇಡ? ಈ ಮದ್ದಿನಲ್ಲಿ ಸೊಪ್ಪು ಎಲ್ಲಿದೆ? ಒಂದೆಲಗ ಬಿಟ್ಟರಾಯಿತು. ತಂಗಿಗೆ ಅಂತ ಬೇರೆಯೇ ಕಟ್ಟಿದಳು, ಬರೀ ಪುಡಿ, ಬರೀ ಜೇನು. ಸ್ವಂತ ತಂಗಿಯಲ್ಲವೆ, ಬೇರೆಯವರಿಗಿಂತ ಪುಡಿ ಒಂದಿಷ್ಟು ಜಾಸ್ತಿಯೇ ಹಾಕಿದಳು. ಡಬ್ಬಿ ತುಂಬ ಕೊಟ್ಟು, ದಿನಾ ಬರಿ ಹೊಟ್ಟೆಗೆ ಒಂದು ಅಂದಳು.

“ಪಥ್ಯ ಎಂತದು?”

“ಬದನೆ ಬೇಡ, ಬಂಗಡೆ ಬೇಡ.”

“ಬಂಗಡೆನೂ ಬೇಡ್ವಾ! ಅದ್ಕಿಂತ ಮರೆವೇ ಬೆಸ್ಟು.”

“ಮತ್ತೆ, ಯಾರಿಗೂ ಹೇಳೂಕಾಗ. ಗಂಡನಿಗೂ.”

“ಗಂಡನಿಗೆ ನಾ ಎಂತದೂ ಹೇಳೂದಿಲ್ಲ. ಅದು ಮದ್ದಿನ ಕಟ್ಲೆ ಅಲ್ಲ, ನನ್ ಕಟ್ಲೆ,” ಅಂದು ಸುನೀತಾ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

ಒಳಗಿನಿಂದ ಹೊನ್ನಿ ಕೇಳಿದಳು, “ಯಾರದು? ಆ ಟಿಕ್ಕಿಟಿಕ್ಕಿ ಹುಡ್ಗಿನಾ?”

ಆಮೇಲಿನ ದಿನಗಳಲ್ಲಿ ಸುನೀತಾಳ ಫೋನು ಬಂದಾಗಲೆಲ್ಲ ದನಿಯಲ್ಲಿ ಹೊಳಪಿತ್ತು. ಮಕ್ಕಳ ಹೆಸರು, ಅವರ ಅಪ್ಪಂದಿರ ಹೆಸರು ಎಲ್ಲ ಪಟಪಟ ನೆನಪಾಗುತ್ತಿದೆ ಅಂದಳು. ನಿದ್ದೆ ಸ್ವಲ್ಪ ಕಡಿಮೆಯಾಗಿದೆ, ಇರಲಿ. ಹಲ್ಲುಜ್ಜುವಾಗ ಬಾಯೆಲ್ಲ ಕೆಂಪಾಗುತ್ತದೆ, ಬ್ರಶ್ಶು ಗಟ್ಟಿ ಇರಬೇಕು. ಮತ್ತೊಂದು ದಿನ ಅಂದಳು, “ಅಕ್ಕ, ತೋಳ್ಮೇಲೆ ನೇರಳೆ ಹಣ್ಣಿನ ಹಾಂಗೆ ಕಲೆ ಎದ್ದದೆ. ಎಲ್ಲೂ ತಾಗ್ಸ್ಕಂಡದ್ದು ನೆನಪಿಲ್ಲ. ಮದ್ದು ತಿಂದೂ ಇದೊಂದು ನೆನಪಿಲ್ಲ ನೋಡು!”

“ಉಷ್ಣ ಆಗಿರ್ಬೇಕು. ಮುರುಗಲ ಪಾನಕ ಕುಡಿ,” ಅಂದಳು ವೀಣಾ.

ಅದೇ ಮಾತನ್ನು ಅವಳು ಅವರ್ಸೆಯ ಕಡೆಯ ಹೆಂಗಸೊಬ್ಬಳಿಗೂ ಹೇಳಿದ್ದಳು, ಮಗಳ ಮೂಗಿನಿಂದ ರಕ್ತ ಬಂತೆಂದು ಬಂದವಳಿಗೆ. ಮದ್ದು ಒಳಗಿನ ಉಷ್ಣವನ್ನು ಹೊರಗೆ ಎಳೆಯುತ್ತದೆ ಎಂದು ಹೊನ್ನಿ ಹಿಂದೆಲ್ಲ ಹೇಳುತ್ತಿದ್ದಳು. ಆದರೆ ಹೊನ್ನಿಯ ಕಾಲದಲ್ಲಿ ಯಾರಿಗೂ ಮೂಗಿನಿಂದ ರಕ್ತ ಬಂದದ್ದನ್ನು ವೀಣಾ ಕಂಡಿರಲಿಲ್ಲ. ಈ ಯೋಚನೆ ಅಕ್ಕಿ ಕೇರುವಾಗ ಕಲ್ಲು ಕಂಡ ಹಾಗೆ ಕಾಣಿಸುತ್ತಿತ್ತು. ಅವಳು ಮೊರವನ್ನು ಇನ್ನೊಂದು ಸಲ ಕೊಡವುತ್ತಿದ್ದಳು, ಕಲ್ಲು ಅಕ್ಕಿಯಡಿ ಸೇರಿಹೋಗುತ್ತಿತ್ತು.

ದೀಪಾಲಿ ಹೊಸ ಬಾಟಲಿಗಳನ್ನು ಹಿಡಿದು ಬಂದ ದಿನ ವೀಣಾ ಹಿತ್ತಿಲಲ್ಲಿ ಮೀನು ಕೊಯ್ಯುತ್ತಿದ್ದಳು.

“ವೈನಿ, ಮಂಗಳವಾರ ಕಂಪನಿ ಮೀಟಿಂಗ್ ಇತ್ತು. ಸ್ಟೇಜ್ ಮೇಲೆ ಕರ್ದು ಹೂಗುಚ್ಛ ಕೊಟ್ರು. ನಿಮ್ಮಿಂದ್ಲೇ. ಅಷ್ಟು ಬಾಟ್ಲಿ ಯಾರೂ ಮಾರ್ಲಿಲ್ವಂತೆ.” ದೀಪಾಲಿ ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಆಮೇಲೆ ಬೆಕ್ಕನ್ನು ಓಡಿಸುತ್ತ, ಏನೋ ನೆನಪಾದವಳಂತೆ ಅಂದಳು, “ಹಾಂ, ಒಂದ್ ವಿಷ್ಯ ಹೇಳಿದ್ರು. ರಕ್ತ ತೆಳು ಮಾಡೂ ಗುಳಿಗೆ ತಕಂಬೋರಿಗೆ ಇದು ಕೊಡೂಕಾಗ ಅಂತೆ. ಹಾರ್ಟು, ಲಕ್ವಾ ಅಂಥೋರಿಗೆ. ನಮ್ ಪೈಕಿ ಯಾರಿದ್ದಾರೆ ಅಂಥೋರು!”

ವೀಣಾಳ ಕೈಯಲ್ಲಿದ್ದ ಮೀನು ಜಾರಿ ನೀರಿಗೆ ಬಿತ್ತು. “ತಕಂಡ್ರೆ?”

“ರಕ್ತ ಬರೂಕೆ ಹಿಡಿದ್ರೆ ನಿಲ್ಲೂದಿಲ್ವಂತೆ. ಒಳ್ಗೇ ಬಂದ್ರೂ ಗೊತ್ತಾಗೂದಿಲ್ವಂತೆ. ಅದೆಲ್ಲ ಹೇಳೂಕೆ ಅಂತ ಹೇಳೂದು ವೈನಿ. ಬಾಟ್ಲಿ ಮೇಲೂ ಸಣ್ಣಕೆ ಬರ್ದದಂತೆ, ಯಾರು ಓದ್ತಾರೆ? ಎಂತಕ್ಕೆ, ಮುಖ ಹಾಂಗೆ ಆಯ್ತು?”

“ಎಂತದಿಲ್ಲ. ಮೀನಿನ ಮುಳ್ಳು ಚುಚ್ತು.”

ದೀಪಾಲಿ ಹೋದ ಮೇಲೆ ವೀಣಾ ಬಾವಿಕಟ್ಟೆಯ ಹಿಂದೆ ನಿಂತು ತಂಗಿಗೆ ಫೋನು ಮಾಡಿದಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ನಾ ಕೊಟ್ಟದ್ದು ಅತ್ತೆಯ ಮದ್ದಲ್ಲ, ಅಂಗಡಿಯ ಪುಡಿ, ಇವತ್ತೇ ಬಿಟ್ಟು ಡಾಕ್ಟರಿಗೆ ಹೇಳು, ಅಷ್ಟೇ. ಒಳಗಿನಿಂದ ಹೊನ್ನಿ ಕೆಮ್ಮಿದಳು. ಅಂಗಳ ತುಂಬ ಚಾಚಿದ ಅಂಗೈಗಳು ವೀಣಾಳ ಕಣ್ಣಿಗೆ ಕಟ್ಟಿದವು. ನಾಳೆ ಅವೇ ಕೈಗಳು ತನ್ನತ್ತ ಬೆರಳು ಮಾಡುತ್ತವೆ. ಮಕ್ಕಳಿಲ್ಲದವಳ ಕೈ, ಮದ್ದನ್ನೂ ಕೊಂದಳು ಅನ್ನುತ್ತವೆ.

“ಸುನೀತಾ, ಆ ಮದ್ದು ಈಗ ನಿಲ್ಸು.”

“ಎಂತಕ್ಕೇ? ಎಷ್ಟು ಚಲೋ ಹತ್ತದೆ!”

“ಎಂತಕ್ಕೂ ಇಲ್ಲ. ನಿಂಗೆ ಉಷ್ಣ ಜಾಸ್ತಿ ಆಗದೆ. ಸ್ವಲ್ಪ ದಿವ್ಸ ಬಿಡು.”

“ಆಯ್ತು ಮಾರಾಯ್ತಿ,” ಅಂದಳು ಸುನೀತಾ.

ಹೇಳಿದೆನಲ್ಲ ಎಂದು ವೀಣಾ ಉಸಿರು ಬಿಟ್ಟಳು. ಆದರೆ ಅವಳಿಗೆ ಒಂದು ಮಾತು ಹೊಳೆಯಲಿಲ್ಲ, ಅಥವಾ ಹೊಳೆದರೂ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಈ ಸೀಮೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ನಾಟಿ ಮದ್ದನ್ನು ಅರ್ಧಕ್ಕೆ ಬಿಟ್ಟರೆ ತಿರುಗಿ ಬೀಳುತ್ತದೆ. ಡಬ್ಬಿ ಮುಗಿಯುವ ತನಕ ತಿನ್ನುವುದೇ ಕ್ಷೇಮ. ಅಕ್ಕನಿಗೆ ಆಯ್ತು ಅಂದು, ಸುನೀತಾ ಡಬ್ಬಿಯನ್ನು ಮುಗಿಸುತ್ತಿದ್ದಳು. ನಡುವೆ ಬಂದ ಭಾನುವಾರ ವೀಣಾ ಬೀರುವಿನ ಜೇಬಿನ ಕಡೆ ನೋಡದೆ ಅವನ ಅಂಗೈಗೂ ಉಂಡೆ ಹಾಕಿದಳು.

ಬಿಣಗಾದಿಂದ ಉಮೇಶನ ಫೋನು ಬಂದದ್ದು ಬುಧವಾರ ಮಧ್ಯಾಹ್ನ. ಸುನೀತಾ ಎರಡು ದಿನದ ಹಿಂದೆ ಶಾಲೆಯ ಮೆಟ್ಟಿಲಲ್ಲಿ ಜಾರಿದ್ದಳಂತೆ, ತಲೆಗೆ ಕಂಬ ತಾಗಿತ್ತಂತೆ. ದೊಡ್ಡ ಪೆಟ್ಟೇನಲ್ಲ, ತಾನೇ ಎದ್ದು ನಕ್ಕಿದ್ದಳು. ನಿನ್ನೆಯಿಂದ ತಲೆನೋವು. ಇವತ್ತು ಬೆಳಿಗ್ಗೆ ಮಾತು ತೊದಲಿತು. ಅವಳ ಗಂಡ ವಿಕಾಸ ಕಾರವಾರದ ಆಸ್ಪತ್ರೆಗೆ ಸೇರಿಸಿದ್ದಾನೆ.

ವೀಣಾ ಸೀರೆ ಬದಲಿಸಲಿಲ್ಲ. ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ಬಾಟಲಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಹೊರಟಾಗ ಹೊನ್ನಿ ಬಾಗಿಲಲ್ಲಿ ಕೂತಿದ್ದಳು.

“ಎಲ್ಲಿಗೇ?”

“ಸುನೀತಾಗೆ ಆರಾಮಿಲ್ಲ. ಕಾರವಾರಕ್ಕೆ.”

“ಮದ್ದು ತಿಂದದ್ದು ಹೇಳ್ಬೇಡ ಅಲ್ಲಿ,” ಅಂದಳು ಹೊನ್ನಿ. “ಅಲ್ಲಿ ಹೆಸ್ರು ಬಂದ್ರೆ, ಇಲ್ಲಿ ಸಾಯ್ತದೆ.”

ಬಸ್ಸು ಅಮದಳ್ಳಿ ದಾಟಿತು, ಗುಡ್ಡ ಕಡಿದ ಕೆಂಪು ಗೋಡೆಗಳ ನಡುವೆ ನುಗ್ಗಿತು, ಬಿಣಗಾದ ಫ್ಯಾಕ್ಟರಿಯ ಘಾಟು ಒಳಗೆ ಬಂದು ಹೋಯಿತು. ಕಿಟಕಿಯ ಹೊರಗೆ ಸಮುದ್ರ ಯಾರ ಗೊಡವೆಯೂ ಇಲ್ಲದ ಹಾಗೆ ಮಲಗಿತ್ತು. ಹೇಳದೆಯೂ ತಂಗಿ ಬದುಕಿದರೆ? ಈ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅಸಹ್ಯವಾದರೂ ಯೋಚನೆ ಹೋಗಲಿಲ್ಲ, ಪಕ್ಕದ ಸೀಟಿನಲ್ಲಿ ಕೂತು ಕಾರವಾರದ ತನಕ ಬಂತು.

ಆಸ್ಪತ್ರೆಯಲ್ಲಿ ಸುನೀತಾಳ ಮುಖ ಒಂದು ಬದಿಗೆ ತುಸು ಇಳಿದಿತ್ತು. ಸೂಜಿ ಚುಚ್ಚಿದ ಕೈ ಮೊಣಕೈ ತನಕ ಕಪ್ಪಗಾಗಿತ್ತು. ಎದೆಯ ಟಿಕ್ ಟಿಕ್ ಯಂತ್ರಗಳ ಸದ್ದಿನಲ್ಲಿ ಕೇಳಿಸಲಿಲ್ಲ. ಎಳೆಯ ಪ್ರಾಯದ ಡಾಕ್ಟರಮ್ಮ ಸ್ಕ್ಯಾನಿನ ಹಾಳೆ ಹಿಡಿದು ವಿಕಾಸನ ಹತ್ತಿರ ಮಾತಾಡುತ್ತಿದ್ದಳು.

“ತಲೆಬುರುಡೆ ಒಳಗೆ ರಕ್ತ ಸೇರಿದೆ. ಇಷ್ಟು ಸಣ್ಣ ಪೆಟ್ಟಿಗೆ ಇಷ್ಟು ರಕ್ತ ಯಾಕೆ ಅಂತ ನಮಗೆ ಗೊತ್ತಾಗಬೇಕು. ಸಂಜೆ ಗುಳಿಗೆ ಬಿಟ್ಟರೆ ಬೇರೆ ಏನಾದರೂ ತಗೊಳ್ತಿದ್ರಾ? ನೋವಿನ ಮಾತ್ರೆ, ನಾಟಿ ಔಷಧಿ, ಟಾನಿಕ್, ಏನಾದರೂ?”

“ಎಂತದೂ ಇಲ್ಲ ಮೇಡಂ. ನಂಗೆ ಗೊತ್ತಿಲ್ದೆ ಇವ್ಳು ನೀರೂ ಕುಡಿಯೂದಿಲ್ಲ,” ಅಂದ ವಿಕಾಸ.

ಡಾಕ್ಟರಮ್ಮ ಹಾಸಿಗೆಯ ಮೇಲೆ ಬಾಗಿ ಜೋರಾಗಿ ಕೇಳಿದಳು, “ಸುನೀತಾ, ಬೇರೆ ಏನಾದರೂ ತಿಂದಿದ್ದೀರಾ?”

ಸುನೀತಾ ಕಣ್ಣು ತೆರೆದಳು. ಅಕ್ಕನನ್ನು ಕಂಡಳು. ಇಳಿದ ತುಟಿಯ ಇನ್ನೊಂದು ಬದಿ ನಗುವಿನ ಹಾಗೆ ಮೇಲೆ ಹೋಯಿತು. ಅಕ್ಕನನ್ನೇ ನೋಡುತ್ತ, ಮಾತಿನ ಮೇಲೆ ಮಾತು ಎಡವಿಕೊಂಡು ಅಂದಳು, “ಇಲ್... ಎಂತ್ದೂ... ಇಲ್ಲ.”

ಅವಳು ತನ್ನ ಮಾತು ಉಳಿಸಿಕೊಂಡಿದ್ದಳು. ಮದ್ದು ಸಾಯಬಾರದು, ಅಕ್ಕನ ಕೈಗುಣ ಹೋಗಬಾರದು.

ವೀಣಾ ಚೀಲಕ್ಕೆ ಕೈ ಹಾಕಿ ಬಾಟಲಿ ತೆಗೆದು ತಂಗಿಯ ಕಾಲ ಬುಡದಲ್ಲಿ ಇಟ್ಟಳು.

“ಸುಳ್ಳು ಹೇಳ್ತಾಳೆ ಅವ್ಳು. ನಾನೇ ಕೊಟ್ಟದ್ದು. ನಮ್ಮನೆ ಸೊಪ್ಪು ಅಂತ ಹೇಳಿ ಇದ್ರ ಪುಡಿ ಕೊಟ್ಟೆ. ಬೇರೆಯವ್ರಿಗಿಂತ ಜಾಸ್ತಿ ಕೊಟ್ಟೆ.”

ವಿಕಾಸ ಅವಳನ್ನು ನೋಡಿದ. ಹಾಸಿಗೆಯ ಆಚೆ ಬದಿಗೆ ಸರಿದು ನಿಂತ. ಬೈದಿದ್ದರೆ ಚೆನ್ನಾಗಿತ್ತು. ಸುನೀತಾಳ ಕಣ್ಣುಗಳು ಮೆಲ್ಲನೆ ಮುಚ್ಚಿಕೊಂಡವು. ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

ಡಾಕ್ಟರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ಓದಿದಳು. ನರ್ಸಿಗೆ ಏನೋ ಹೇಳಿ ಓಡಿಸಿದಳು, ಯಾರಿಗೋ ಫೋನು ಮಾಡಿದಳು, ದೊಡ್ಡ ಆಸ್ಪತ್ರೆಗೆ ಸಾಗಿಸಲು ಆಂಬುಲೆನ್ಸು ಬರಲಿ ಅಂದಳು. ಎಲ್ಲ ಮುಗಿಸಿ ವೀಣಾಳ ಹತ್ತಿರ ಬಂದು ದನಿ ತಗ್ಗಿಸಿದಳು. “ಈಗಲಾದರೂ ಹೇಳಿದ್ದು ಒಳ್ಳೆಯದಾಯ್ತು. ಸಂಜೆಯ ಗುಳಿಗೆ ಜೊತೆ ಈ ಎಲೆ ಸೇರಿದರೆ ಅಪಾಯ. ಅದೂ ಬರೆದದ್ದಷ್ಟೇ ಇದರೊಳಗೆ ಇದೆ ಅಂತಲೂ ಯಾರು ಹೇಳಬೇಕು? ಬೇರೆಯವರಿಗಿಂತ ಜಾಸ್ತಿ ಅಂದಿರಲ್ಲ, ಆ ಬೇರೆಯವರು ಯಾರು? ಅವರ ಹೆಸರು, ಊರು ಹೇಳಿ.”

ವೀಣಾ ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು. ಕಂಡದ್ದು ಅಂಗೈಗಳು. ಮಸಿ ಹತ್ತಿದ ಎಳೆಯ ಅಂಗೈ, ಬಳೆಯ ಗಾಯದ ಅಂಗೈ, ನಡುಗುವ ಅಂಗೈ. ಮುಖವಿಲ್ಲ, ಹೆಸರಿಲ್ಲ. ನೆನಪಿನ ಮದ್ದು ಕೊಟ್ಟವಳ ಹತ್ತಿರ ಒಂದು ಹೆಸರೂ ಇರಲಿಲ್ಲ.

“ನಾವು ಕೇಳೂದಿಲ್ಲ,” ಅಂದಳು. ಆಮೇಲೆ ಒಂದು ನೆನಪಾಯಿತು. “ಒಬ್ರದ್ದು ಗೊತ್ತು. ಬೀರು. ರಾಮನಗುಳಿ ಬೀರು.”

ಅವನ ಮನೆ ಯಾವುದು, ಫೋನು ಯಾವುದು ಅವಳಿಗೆ ಗೊತ್ತಿರಲಿಲ್ಲ. ಮರುದಿನ ಉಮೇಶ ರಾಮನಗುಳಿಗೆ ಹೋಗಿಬಂದ. ಅಲ್ಲಿ ಬೀರು ಎಂಬ ಹೆಸರಿನವರು ಬಹಳ ಇದ್ದರು. ಮದ್ದಿಗೆ ಹೋಗುತ್ತಿದ್ದೇನೆಂದು ಒಪ್ಪಿಕೊಳ್ಳುವ ಬೀರು ಒಬ್ಬನೂ ಇರಲಿಲ್ಲ. ಹೇಳಬಾರದ ಮದ್ದಲ್ಲವೆ.

ಭಾನುವಾರ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಸುನೀತಾಳ ತಲೆಯಿಂದ ರಕ್ತ ತೆಗೆದಿದ್ದರು. ಕಣ್ಣು ಬಿಟ್ಟಿದ್ದಾಳೆ, ಇನ್ನೂ ಮಾತಾಡಿಲ್ಲ ಎಂದು ವಿಕಾಸ ಉಮೇಶನಿಗೆ ಹೇಳಿದ್ದ, ವೀಣಾಳಿಗಲ್ಲ. ಒಳಗೆ ಹೊನ್ನಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೊಪ್ಪಿನ ಕಥೆ ಕೇಳಿದ ದಿನದಿಂದ ಅವಳು ಸೊಸೆಯ ಕೈಯಿಂದ ಗಂಜಿಯನ್ನೂ ಮುಟ್ಟಿರಲಿಲ್ಲ, ಉಮೇಶನೇ ಕುಡಿಸುತ್ತಿದ್ದ.

ಅಂಗಳದಲ್ಲಿ ಎಂದಿನಂತೆ ಮಂದಿ ಸೇರಿ ತೆಂಗಿನಕಾಯಿ ಇಟ್ಟರು, ಅಂಗೈ ಚಾಚಿದರು. ವೀಣಾ ಬರಿಗೈಯಲ್ಲಿ ಜಗಲಿಯಿಂದ ಇಳಿದಳು.

“ಮದ್ದು ಇಲ್ಲ. ನಾ ಕೊಟ್ಟದ್ದು ಮದ್ದಲ್ಲ, ಅಂಗಡಿ ಪುಡಿ. ಅದ್ರಿಂದ ನನ್ ತಂಗಿ ತಲೆ ಒಳ್ಗೆ ರಕ್ತ ಸೋರ್ಯದೆ. ಮನೆಯಲ್ಲಿ ಉಂಡೆ ಉಳಿದಿದ್ರೆ ಬಿಸಾಡಿ. ಬೇರೆ ಗುಳಿಗೆ ತಕಂಬೋರು ಇವತ್ತೇ ಡಾಕ್ಟ್ರ ಹತ್ರ ಹೋಗಿ, ತಿಂದದ್ದು ಹೇಳಿ.”

ಯಾರೋ ತೂ ಎಂದು ಉಗುಳಿದರು. ಅವರ್ಸೆಯ ಆ ಹೆಂಗಸು ಮಗಳನ್ನು ಹಿಂದಕ್ಕೆ ಎಳೆದುಕೊಂಡಳು. ವೀಣಾ ನೇರ ಅವಳ ಎದುರು ಹೋಗಿ ನಿಂತು, ಆ ಅಂಗಳದಲ್ಲಿ ಎಂದೂ ಯಾರೂ ಕೇಳದ ಮಾತನ್ನು ಕೇಳಿದಳು.

“ನಿನ್ ಹೆಸ್ರು ಎಂತದು ತಂಗಿ? ನಿನ್ ಮಗ್ಳ ಹೆಸ್ರು?”

“ಸುಮಲತಾ,” ಅಂದಳು ಆಕೆ, ಹೆದರಿಕೆಯಲ್ಲಿ. “ಇವ್ಳು ಪುಟ್ಟು.”

ವೀಣಾ ಸಾಲಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಹೋದಳು. ಕೆಲವರು ಹೇಳಿದರು, ಕೆಲವರು ತೆಂಗಿನಕಾಯಿ ಎತ್ತಿಕೊಂಡು ಬೈಯುತ್ತ ಹೋದರು. ಹಿಂದಿನ ವಾರಗಳಲ್ಲಿ ಬಂದು ಈ ವಾರ ಬಾರದವರು ಎಷ್ಟು ಮಂದಿಯೋ, ಎಲ್ಲಿಯವರೋ. ಸಾಲು ಮುಗಿದಾಗ ಅವಳು ತಿರುಗಿ ಸಾಲಿನ ಮೊದಲಿಗೆ ನೋಡಿದಳು. ಅಲ್ಲಿ ಬೀರು ನಿಲ್ಲುತ್ತಿದ್ದ ಜಾಗ ಖಾಲಿಯಿತ್ತು. ಮಂದಿ ಗೊತ್ತಿದ್ದೋ ಗೊತ್ತಿಲ್ಲದೆಯೋ ಒಬ್ಬನಿಗಾಗುವಷ್ಟು ಜಾಗ ಬಿಟ್ಟೇ ನಿಂತಿದ್ದರು.

ಹೆದ್ದಾರಿಯಲ್ಲಿ ಅಂಕೋಲೆಯ ಕಡೆಯಿಂದ ಇನ್ನೊಂದು ಬಸ್ಸು ಬಂದು ನಿಂತ ಸದ್ದಾಯಿತು. ವೀಣಾ ಗೇಟಿನ ತನಕ ಓಡಿದಳು. ಬಸ್ಸು ಯಾರನ್ನೂ ಇಳಿಸದೆ ಕಾರವಾರದ ಕಡೆ ಹೊರಟುಹೋಯಿತು.